ಬಾಲದ ನಟ್ಟು ಕಳಚಿದವರು ಯಾರು?

ಗೆಬ್‌ಹಾರ್ಟ್ ಸ್ಟೋಕ್ಲೆಯ ದೊಡ್ಡ ವಿಮಾನ ಜೋಳದ ಹೊಲಕ್ಕೆ ಮೂಗು ನೆಟ್ಟು ಬಿದ್ದಾಗ ವಾದ್ಯದವರು ನುಡಿಸುವುದನ್ನು ನಿಲ್ಲಿಸುವುದಕ್ಕೂ ಮರೆತರು. ಅದು ಬಿದ್ದ ಜಾಗಕ್ಕೂ ಮಕ್ಕಳು ಕೂತಿದ್ದ ಬೆಂಚುಗಳಿಗೂ ನಡುವೆ ಇದ್ದದ್ದು ಒಂದು ತಂತಿಬೇಲಿ ಮಾತ್ರ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಕಾರುಗಳತ್ತ ಓಡಿದರು, ನಮ್ಮ ಮಾದರಿ ವಿಮಾನ ಕ್ಲಬ್ಬಿನ ಬೇಸಿಗೆ ಹಬ್ಬ ಸಾಸೇಜು ಬೇಯುವ ಮುಂಚೆಯೇ ಮುಗಿದುಹೋಯಿತು.

ಅದು ಆಟದ ಸಾಮಾನೆಂದು ಯಾರೂ ನಗಬೇಡಿ. ಒಳಗೆ ಮನುಷ್ಯ ಕೂರುವುದಿಲ್ಲ, ಕೆಳಗೆ ನಿಂತು ರೇಡಿಯೋದಿಂದ ಹಾರಿಸುತ್ತೇವೆ ಎನ್ನುವುದು ನಿಜ. ಆದರೆ ಅದರ ರೆಕ್ಕೆಯ ಉದ್ದಕ್ಕೆ ಇಬ್ಬರು ಆಳು ಮಲಗಬಹುದು, ಮೂತಿಯಲ್ಲಿ ಪೆಟ್ರೋಲ್ ಎಂಜಿನ್ ಇದೆ. ಹೋದ ಶರತ್ಕಾಲದಲ್ಲಿ ಅದು ಕೆಟ್ಟದಾಗಿ ಇಳಿದು ರೆಕ್ಕೆ ಮುರಿದುಕೊಂಡಿತ್ತು. ಚಳಿಗಾಲವಿಡೀ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೂತು ರೆಕ್ಕೆ ಜೋಡಿಸಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ಹೊಸ ಪುಟ್ಟ ಮೋಟಾರುಗಳನ್ನಿಟ್ಟು, ಇನ್ನೂ ಬಲವಾದ ಎಂಜಿನ್ ಕೂರಿಸಿದವಳು ವೀಬ್ಕೆ ಹಾರ್ಮ್‌ಸೆನ್.

"ಮೀನುತಲೆಯವಳ ಕೈಗೆ ಕೊಟ್ರೆ ಇನ್ನೇನಾಗತ್ತೆ!" ಎಂದು ಕೂಗಿದವನು ಕೊರ್ಬಿನಿಯಾನ್. "ಸಮುದ್ರಕ್ಕೆ ಬೀಳ್ಬೇಕಾದ್ದು ಜೋಳಕ್ಕೆ ಬಿತ್ತು, ಅಷ್ಟೇ."

ಉತ್ತರದ ಕರಾವಳಿಯವರನ್ನು ದಕ್ಷಿಣದ ಬೆಟ್ಟಸೀಮೆಯಾದ ನಮ್ಮ ಆಲ್ಗೊಯ್ ಕಡೆ ಹಾಗೆ ಛೇಡಿಸುವುದು ವಾಡಿಕೆ. ಆ ದಿನ ಅದರಲ್ಲಿ ತಮಾಷೆ ಇರಲಿಲ್ಲ. ಎಂಜಿನ್ ಇಲ್ಲದ ಗ್ಲೈಡರುಗಳನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವ ಕೆಲಸ ಮೊದಲು ಕೊರ್ಬಿನಿಯಾನನ ವಿಮಾನದ್ದಾಗಿತ್ತು. ಗೆಬ್‌ಹಾರ್ಟನ ವಿಮಾನಕ್ಕೆ ಹೊಸ ಎಂಜಿನ್ ಬಂದ ಮೇಲೆ ಅವನನ್ನು ಕೇಳುವವರೇ ಇಲ್ಲವಾಗಿದ್ದರು.

ಗೆಬ್‌ಹಾರ್ಟ್ ನಮ್ಮ ಅಧ್ಯಕ್ಷ. ಮುರಿದ ಬಾಲವನ್ನು ಎತ್ತಿ ತಂದು ಹುಲ್ಲಿನ ಮೇಲೆ ಇಟ್ಟ. ಬಾಲದ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸುವ ಕಡ್ಡಿ ಕಳಚಿ ನೇತಾಡುತ್ತಿತ್ತು. ಅದನ್ನು ಹಿಡಿದಿಡುವ ಬೋಲ್ಟೂ ಇಲ್ಲ, ನಟ್ಟೂ ಇಲ್ಲ.

"ನಟ್ಟು ಬಿಗಿಯೋದಕ್ಕೂ ಬರಲ್ವೇನಮ್ಮ ನಿಂಗೆ?" ಎಂದ. "ಸಂಜೆ ಸಭೆ ಕರೀತೀನಿ. ನಿನ್ನ ಹೆಸರು ಕ್ಲಬ್ಬಿಂದ ತೆಗೆಸ್ತೀನಿ. ಬೇರೆ ಕ್ಲಬ್ಬಿನೋರಿಗೂ ಹೇಳ್ತೀನಿ."

"ಬಿಗಿದಿದ್ದೆ," ಎಂದಳು ವೀಬ್ಕೆ. ಮುಖ ಸುಣ್ಣದಂತಾಗಿತ್ತು. "ಅಂಟು ಹಾಕಿ ಬಿಗಿದು ಕೆಂಪು ಗೆರೆ ಎಳೆದಿದ್ದೆ. ಯಾಕೆ ನಂಬಲ್ಲ ನೀವು?"

ಬಿದ್ದವರಿಗೆ ಆಳಿಗೊಂದು ಕಲ್ಲು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಾಯಿ ಬಿಡದೆ ನಿಂತಿದ್ದವನು ಆಲ್ಫೋನ್ಸ್ ರೀಡ್‌ಮ್ಯುಲರ್ ಒಬ್ಬನೇ. ವೀಬ್ಕೆ ಬರುವ ಮುಂಚೆ ಗೆಬ್‌ಹಾರ್ಟನ ವಿಮಾನಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಮುದುಕ. ಧ್ವನಿವರ್ಧಕದ ತಂತಿ ಕಬ್ಬಿಣದ ಕಟಕಟೆಯ ಮೇಲೆ ಹಾದುಹೋಗುವ ಕಡೆ ತನ್ನ ಕರವಸ್ತ್ರವನ್ನು ಮಡಿಸಿ ಅಡಿಗೆ ತುರುಕುತ್ತಿದ್ದ. ಲೋಕ ಮುಳುಗಿದರೂ ಇವನಿಗೆ ತಂತಿಯದೇ ಚಿಂತೆ ಎಂದುಕೊಂಡೆ.

ವೀಬ್ಕೆ ನೇರವಾಗಿ ನಮ್ಮ ಬೆಂಚಿಗೆ ಬಂದಳು. ನನ್ನತ್ತ ನೋಡಲೂ ಇಲ್ಲ. "ರೋಸ್‌ವಿಟಾ ಅವ್ರೆ, ನಂಗೆ ಈ ಊರಲ್ಲಿ ಇರೋರು ಇಷ್ಟೇ ಜನ. ಇವರೂ ಓಡಿಸಿಬಿಟ್ರೆ ಎಲ್ಲಿಗೆ ಹೋಗ್ಲಿ? ನನ್ನ ಕೈಗೆ ಇನ್ಯಾರು ವಿಮಾನ ಕೊಡ್ತಾರೆ?"

ರೋಸ್‌ವಿಟಾ ಎಂಡರ್ಲೆ ನನ್ನ ಪಕ್ಕದ ಮನೆಯವಳು. ವಿಮಾ ಕಂಪನಿಯೊಂದರಲ್ಲಿ ಸುಟ್ಟ ಮನೆಗಳ ಬೂದಿ ಕೆದಕಿ ಬೆಂಕಿ ಹೇಗೆ ಹತ್ತಿತೆಂದು ಹೇಳುವುದು ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಊರಿನವರ ಬೂದಿ ಕೆದಕುತ್ತಾಳೆ, ಚೀಲ ಹೊರುವವನು ನಾನು. ನನಗೆ ವೀಬ್ಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಶನಿವಾರ ಎಂದರೆ ರೋಸ್‌ವಿಟಾ, ನಾನು, ಇಸ್ಪೀಟು ಮತ್ತು ನನ್ನ ಕೈಯ ಪ್ಲಮ್ ಕೇಕು. ಈ ಹುಡುಗಿ ಬಂದ ಮೇಲೆ ಶನಿವಾರವೆಲ್ಲ ಆ ನೆಲಮಾಳಿಗೆಯ ಪಾಲಾಗಿತ್ತು. ಕೇಕನ್ನು ನಾನೊಬ್ಬನೇ ತಿನ್ನುತ್ತಿದ್ದೆ.

"ಏಳೋ ಲೊರೆಂಟ್ಸ್," ಎಂದಳು ರೋಸ್‌ವಿಟಾ. "ಮುಖ ಊದಿಸ್ಕೊಂಡು ಕೂರ್ಬೇಡ."

ಮೊದಲು ಬಾಲವನ್ನು ನೋಡಿದಳು. ಅದರ ತುಂಬ ಎಣ್ಣೆಯ ಜಿಡ್ಡು. ಹಿಂದಿನ ಸಂಜೆ ವೀಬ್ಕೆ ಹೊಸ ಎಂಜಿನ್ನನ್ನು ಹಬ್ಬಕ್ಕೆ ಮುಂಚೆ ಪರೀಕ್ಷಿಸಲು ಶೆಡ್ಡಿನ ಮುಂದೆ ಬಹಳ ಹೊತ್ತು ಓಡಿಸಿದ್ದಳು. ಹೊಗೆಯ ಜೊತೆ ಬರುವ ಎಣ್ಣೆ ಹಿಂದಕ್ಕೆ ಸಿಡಿದು ಬಾಲವೆಲ್ಲ ಕಂದಾಗಿತ್ತು. ಒರೆಸುವ ಮುಂಚೆಯೇ ಗೆಬ್‌ಹಾರ್ಟ್, "ನಾಳೆ ಒರೆಸಿದ್ರಾಯ್ತು, ನಂಗೆ ಹಸಿವಾಗ್ತಿದೆ" ಎಂದು ವಿಮಾನವನ್ನು ಶೆಡ್ಡಿಗೆ ತಳ್ಳಿ ಬೀಗ ಹಾಕಿದ್ದ. ಅದು ನಾವೆಲ್ಲ ಕಂಡದ್ದೇ.

ರೋಸ್‌ವಿಟಾ ಬೋಲ್ಟ್ ಕೂರುವ ಲೋಹದ ಕಿವಿಯನ್ನು ನನ್ನ ಮೂಗಿಗೆ ಹಿಡಿದಳು. "ಏನು ಕಾಣತ್ತೆ?"

"ತೂತು. ಸುತ್ತ ಕೊಳೆ."

"ತೂತಿನ ಪಕ್ಕದಲ್ಲೇ?"

ನಟ್ಟಿನಷ್ಟೇ ಅಗಲದ, ಬಿಲ್ಲೆಯಂಥ ಒಂದು ಗುರುತು ಮಾತ್ರ ಸುತ್ತಲಿಗಿಂತ ತಿಳಿಯಾಗಿ ಹೊಳೆಯುತ್ತಿತ್ತು. ಅದರ ಅಂಚಿನಿಂದ ಹೊರಕ್ಕೆ ಕೆಂಪು ಬಣ್ಣದ ಅರ್ಧ ಗೆರೆ. ವೀಬ್ಕೆ ಪ್ರತಿ ನಟ್ಟನ್ನೂ ಬಿಗಿದ ಮೇಲೆ ಅದರ ಮೇಲಿಂದ ಲೋಹದವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ನಟ್ಟು ತಿರುಗಿದರೆ ಗೆರೆ ತುಂಡಾಗಿ ಗೊತ್ತಾಗುತ್ತದೆ.

"ಬೆಳಿಗ್ಗೆ ಹಾರೋ ಮುಂಚೆ ಯಾರು ಪರೀಕ್ಷೆ ಮಾಡಿದ್ರು?" ಎಂದು ರೋಸ್‌ವಿಟಾ ಕೇಳಿದಳು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಹಾರಿಸುವ ಮುಂಚೆ ಪ್ರತಿ ಕೀಲನ್ನೂ ಬೆರಳಿಂದ ಎಳೆದು ನೋಡಬೇಕು. ಅದನ್ನು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿದವನೇ ಗೆಬ್‌ಹಾರ್ಟ್. ಆದರೆ ಬೆಳಿಗ್ಗೆ ವಾದ್ಯ ಶುರುವಾಗಿತ್ತು, ಮೇಯರ್ ಬಂದಿದ್ದರು. ವೀಬ್ಕೆ ಬಾಲದ ಹತ್ತಿರ ಬಂದಾಗ ಅವನು, "ನನ್ನ ವಿಮಾನ ನಂಗೆ ಗೊತ್ತು, ನೀನು ಆಚೆ ನಿಲ್ಲಮ್ಮ" ಎಂದು ಸರಿಸಿದ್ದ. ಕೈಯಲ್ಲಿದ್ದ ರೇಡಿಯೋದ ಹಿಡಿಗಳನ್ನು ಆಚೀಚೆ ಆಡಿಸಿ, ಬಾಲ ಅಲುಗಿದ್ದನ್ನು ಕಂಡು, ಹೊರಟೇಬಿಟ್ಟ. ವಿಮಾನ ಉರುಳತೊಡಗಿದಾಗ ನನ್ನ ಮುಂದೆ ನಿಂತಿದ್ದ ಆಲ್ಫೋನ್ಸ್ ಕೈ ಎತ್ತಿ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಇಳಿಸಿದ್ದು ನನಗೆ ನೆನಪಿತ್ತು. ಹಾರೈಸುತ್ತಿದ್ದಾನೆ ಎಂದುಕೊಂಡಿದ್ದೆ. ಇದನ್ನೆಲ್ಲ ರೋಸ್‌ವಿಟಾಗೆ ಹೇಳಿದೆ.

"ರಾತ್ರಿ ಶೆಡ್ಡಿನ ಕೀಲಿ ಯಾರ ಹತ್ರ ಇತ್ತು?"

"ಗೆಬ್‌ಹಾರ್ಟ್, ಕೊರ್ಬಿನಿಯಾನ್, ಆಲ್ಫೋನ್ಸ್. ಕೊರ್ಬಿನಿಯಾನ್ ರಾತ್ರಿ ಬಂದಿದ್ದನಂತೆ, ಹಗ್ಗ ತಗೊಳ್ಳೋಕೆ. ಅವನೇ ಕಣೇ! ಇವಳು ಇವತ್ತು ಬೀಳಿಸ್ತಾಳೆ ಅಂತ ಬೆಳಿಗ್ಗೇನೇ ಹೇಳ್ತಿದ್ದ."

"ಮಾಡೋನು ಹೇಳ್ಕೊಂಡು ತಿರುಗ್ತಾನೇನೋ?" ಎಂದಳು.

ಮಧ್ಯಾಹ್ನ ವೀಬ್ಕೆಯ ನೆಲಮಾಳಿಗೆಗೆ ಹೋದೆವು. ಗೋಡೆಯ ಮೇಲೆ ಗರಗಸ, ಇಕ್ಕಳಗಳು ಸಾಲಾಗಿ ತೂಗುತ್ತಿದ್ದವು, ಮೇಜಿನ ಮೇಲೆ ಧೂಳಿಲ್ಲ. ಅವಳು ಕಟ್ಟುತ್ತಿದ್ದ ಬೇರೊಂದು ವಿಮಾನದ, ಮುಚ್ಚಳ ತೆಗೆದ ರೆಕ್ಕೆ ಅಲ್ಲಿತ್ತು. ಮೋಟಾರಿಗೆ ಹೋಗುವ ತಂತಿಗಳು ಒಳಗಿನ ಅಡ್ಡಪಟ್ಟಿಗಳ ತೂತುಗಳಲ್ಲಿ ಅಂಚಿಗೆ ಯಾವ ಹೊದಿಕೆಯೂ ಇಲ್ಲದೆ ಹಾದುಹೋಗಿದ್ದವು.

"ತಂತಿ ಅಂಚಿಗೆ ಉಜ್ಜಲ್ವಾ? ಎಲ್ಲದ್ರಲ್ಲೂ ಹೀಗೇನಾ?" ಎಂದು ರೋಸ್‌ವಿಟಾ ಕೇಳಿದಳು.

"ಹೌದು, ತೂತನ್ನ ಉಜ್ಜಿ ನಯ ಮಾಡ್ತೀನಲ್ಲ, ಸಾಕಾಗತ್ತೆ," ಎಂದಳು ವೀಬ್ಕೆ.

ಕ್ಲಬ್ಬಿಗೆ ಮರಳಿದ ಮೇಲೆ ರೋಸ್‌ವಿಟಾ ಬಿದ್ದ ವಿಮಾನದ ಬಲರೆಕ್ಕೆಯ ಮುಚ್ಚಳ ಬಿಚ್ಚಿದಳು. ತಂತಿ ಹಾದುಹೋಗುವ ತೂತಿನ ಅಂಚಿಗೆ, ಪೆಟ್ರೋಲ್ ಹಾಯಿಸುವ ಕಪ್ಪು ಕೊಳವೆಯ ತುಂಡೊಂದನ್ನು ಉದ್ದಕ್ಕೆ ಸೀಳಿ ಅಚ್ಚುಕಟ್ಟಾಗಿ ತೊಡಿಸಲಾಗಿತ್ತು.

"ಇದನ್ನ ಹಾಕಿದ್ದು ಯಾರು?" ಎಂದಳು.

"ವೀಬ್ಕೆ ಇರ್ಬೇಕು. ಅವಳ ರೆಕ್ಕೆ ತಾನೇ?"

ರೋಸ್‌ವಿಟಾ ಕೊಳವೆಯ ಅಂಚನ್ನು ಬೆರಳಿಂದ ತಡವಿ ನೋಡಿದಳು.

ಸಂಜೆ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ತಿನ್ನದೆ ಉಳಿದ ಆಲೂಗಡ್ಡೆ ಸಲಾಡಿನ ಬೋಗುಣಿಗಳ ನಡುವೆ ರೋಸ್‌ವಿಟಾ ಬಾಲವನ್ನೂ ರೆಕ್ಕೆಯನ್ನೂ ಇಟ್ಟಳು. ಗೆಬ್‌ಹಾರ್ಟ್, "ಕೈ ಎತ್ತಿ ಮುಗಿಸೋಣ" ಎಂದ.

"ನಿನ್ನ ಅವಸರದಿಂದಾನೇ ಮಕ್ಕಳು ಸಾಯ್ತಿದ್ರು. ಸುಮ್ನೆ ಕೂತ್ಕೋ," ಎಂದಳು ರೋಸ್‌ವಿಟಾ. ಅಧ್ಯಕ್ಷ ಕೂತ.

"ಈ ಬಿಲ್ಲೆಯಂಥ ಗುರುತು ನೋಡಿ. ಸುತ್ತೆಲ್ಲ ದಪ್ಪ ಎಣ್ಣೆ, ಇಲ್ಲಿ ಮಾತ್ರ ಇಲ್ಲ. ಅಂದ್ರೆ ನಿನ್ನೆ ಸಂಜೆ ಎಂಜಿನ್ ಓಡ್ತಿದ್ದಾಗ ಇಲ್ಲಿ ನಟ್ಟು ಕಚ್ಚಿಕೊಂಡು ಕೂತಿತ್ತು. ಅಷ್ಟು ಹೊತ್ತಿನ ಅದುರಾಟಕ್ಕೆ ಜಗ್ಗದ ನಟ್ಟು, ಇವತ್ತು ಒಂದು ಸುತ್ತು ಹೊಡೆಯೋದ್ರೊಳಗೆ ತಾನಾಗೇ ಬಿಚ್ಕೊಳ್ಳತ್ತಾ? ರಾತ್ರಿ ಶೆಡ್ಡಲ್ಲಿ ಯಾರೋ ನಟ್ಟು ತೆಗೆದು, ಬೋಲ್ಟನ್ನ ಹಾಗೇ ಬಿಟ್ರು. ಅದಕ್ಕೇ ಬೆಳಿಗ್ಗೆ ಬಾಲ ಅಲುಗಿತು, ಮೇಲೆ ಹೋದ್ಮೇಲೆ ಅದುರಿ ಬೋಲ್ಟ್ ಜಾರಿಬಿತ್ತು. ಬೆರಳಿಂದ ಎಳೆದಿದ್ರೆ ಕೈಗೇ ಬರ್ತಿತ್ತು. ಗೆಬ್‌ಹಾರ್ಟ್, ನೀನು ಎಳೀಲಿಲ್ಲ."

ಗೆಬ್‌ಹಾರ್ಟನ ಕಿವಿ ಕೆಂಪಗಾಯಿತು. ಎಲ್ಲರ ಕಣ್ಣೂ ಕೊರ್ಬಿನಿಯಾನನ ಮೇಲೆ ಬಿತ್ತು.

"ನನ್ನನ್ಯಾಕ್ರೋ ನೋಡ್ತೀರಾ? ಹಗ್ಗ ತಗೊಂಡೆ, ಹೋದೆ!"

"ನಿಜ," ಎಂದಳು ರೋಸ್‌ವಿಟಾ. "ನೀನು ಬಾಯಲ್ಲೇ ವಿಮಾನ ಬೀಳಿಸೋನು. ನಿನ್ನ ವಿಮಾನ ತುಂಬ ಬರೀ ಅಂಟುಪಟ್ಟಿ. ಈ ರೆಕ್ಕೆ ಒಳಗಿನ ಕೊಳವೆ ತುಂಡು ನಿನ್ನ ಕೈಯದ್ದಲ್ಲ. ಗೆಬ್‌ಹಾರ್ಟ್‌ಗೆ ಸ್ಕ್ರೂಡ್ರೈವರ್ ಯಾವ ಕಡೆ ಹಿಡಿಯೋದು ಅಂತಾನೇ ಗೊತ್ತಿಲ್ಲ. ವೀಬ್ಕೆ, ಇದನ್ನ ನೀನು ಹಾಕಿದ್ಯಾ?"

ವೀಬ್ಕೆ ಬಗ್ಗಿ ನೋಡಿದಳು. "ಇಲ್ಲ. ಇದು... ನಂದಲ್ಲ."

"ರಾತ್ರಿ ಬಂದವನು ಮೊದಲು ರೆಕ್ಕೆ ಬಿಚ್ಚಿದ. ಇವಳ ತಪ್ಪು ಹುಡುಕೋಕೆ. ಒಂದು ಸಿಕ್ತು. ತಂತಿ ಅಂಚಿಗೆ ಉಜ್ಜೋ ಹಾಗಿದೆ, ಇನ್ನೊಂದು ಬೇಸಿಗೆ ಹೊತ್ತಿಗೆ ತುಂಡಾಗತ್ತೆ. ಅಷ್ಟನ್ನ ಬೆಳಿಗ್ಗೆ ಗೆಬ್‌ಹಾರ್ಟ್‌ಗೆ ತೋರಿಸಿದ್ರೆ ಗೆದ್ದುಬಿಡ್ತಿದ್ದ. ಆದ್ರೆ ಕೆಟ್ಟ ತಂತಿ ಕಂಡ್ರೆ ಸುಮ್ನಿರೋ ಕೈಯಲ್ಲ ಅದು. ತಲೆ ಯೋಚಿಸೋ ಮುಂಚೆ ಕೈ ಸರಿ ಮಾಡಿಬಿಡ್ತು. ತೋರಿಸೋಕೆ ತಪ್ಪೇ ಉಳೀದೆ ನಟ್ಟು ತೆಗೆದಿದ್ದೂ ಆ ಕೈಯೇ. ಬೆಳಿಗ್ಗೆ ನಾವೆಲ್ಲ ಕಿರುಚಾಡ್ತಿದ್ದಾಗ, ಧ್ವನಿವರ್ಧಕದ ತಂತಿ ಉಜ್ಜದ ಹಾಗೆ ಕರವಸ್ತ್ರ ಕೊಟ್ಟ ಕೈ." ಅವಳ ದನಿ ಮೆತ್ತಗಾಯಿತು. "ವಿಮಾನ ಉರುಳುವಾಗ ಕೈ ಎತ್ತಿದೆಯಂತೆ, ಆಲ್ಫೋನ್ಸ್. ಯಾಕೆ ಕೂಗ್ಲಿಲ್ಲ?"

ಆಲ್ಫೋನ್ಸ್ ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟ.

"ಗೆಬ್‌ಹಾರ್ಟ್ ಎಳೆದು ನೋಡ್ತಾನೆ, ನಟ್ಟಿಲ್ಲ ಅಂತ ಎಲ್ಲರ ಮುಂದೆ ಇವಳಿಗೆ ಬೈತಾನೆ ಅಂದ್ಕೊಂಡಿದ್ದೆ. ಅಷ್ಟೇ ಬೇಕಿತ್ತು ನಂಗೆ. ಕೂಗೋಕೆ ಹೋದೆ. ಕೂಗಿದ್ರೆ ನಿಂಗೆ ಹೇಗೆ ಗೊತ್ತು ಅಂತ ಕೇಳ್ತಿದ್ರು." ಗೆಬ್‌ಹಾರ್ಟನತ್ತ ತಿರುಗಿದ. "ಮೂವತ್ತು ವರ್ಷ ನೀನು ನನ್ನ ಬಾಗಿಲಿಗೆ ಮುರಿದಿದ್ದೆಲ್ಲ ತಂದು ಹಾಕ್ದೆ. ಹೋದ ವರ್ಷ ನಿನ್ನ ಕಾರು ಇವಳ ಮನೆ ಮುಂದೆ ನಿಂತಿತ್ತು. ನಾನು ಸಾಯ್ಕಲ್ಲಲ್ಲಿ ಹೋಗ್ತಾ ನೋಡ್ದೆ. ಒಂದು ಮಾತು ಹೇಳ್ಬಹುದಿತ್ತಲ್ಲೋ."

"ನಿಂಗೆ ವಯಸ್ಸಾಯ್ತು ಅಂತ..." ಎಂದ ಗೆಬ್‌ಹಾರ್ಟ್.

"ರಾತ್ರಿ ಎಲ್ಲ ಬಿಚ್ಚಿ ನೋಡ್ದೆ. ಆ ತಂತಿ ಬಿಟ್ರೆ ಒಂದು ತಪ್ಪಿಲ್ಲ! ಒಂದೂ ಇಲ್ಲ! ನಾನು ಅಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ. ಹೊಟ್ಟೆ ಉರಿದುಹೋಯ್ತು."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಬೇರೊಬ್ಬರ ಮನೆ ಮುಂದೆ ನಿಂತ ಕಾರು ನೋಡುತ್ತ ಸೈಕಲ್ ತುಳಿಯುವುದು ಏನೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ರೋಸ್‌ವಿಟಾ ನನ್ನತ್ತ ಒಮ್ಮೆ ನೋಡಿದಳು, ನಾನು ಸಲಾಡಿನತ್ತ ನೋಡಿದೆ.

ಮತಕ್ಕೆ ಹಾಕುವ ಅಗತ್ಯವೇ ಬರಲಿಲ್ಲ. ಗೆಬ್‌ಹಾರ್ಟ್ ವೀಬ್ಕೆಯ ಕ್ಷಮೆ ಕೇಳಿದ, ತೊದಲುತ್ತ, ಎರಡು ಸಲ. ಕೊರ್ಬಿನಿಯಾನ್ ಅವಳ ಮುಂದೆ ಒಂದು ಲೋಟ ಬಿಯರ್ ತಂದಿಟ್ಟು ಹಿಂದೆ ಸರಿದ. ಆಲ್ಫೋನ್ಸ್ ಶೆಡ್ಡಿನ ಕೀಲಿಯನ್ನು ಯಾರೂ ಕೇಳುವ ಮುಂಚೆಯೇ ಮೇಜಿನ ಮೇಲಿಟ್ಟು, ಇನ್ನು ಬರುವುದಿಲ್ಲ ಎಂದ. ಬಾಗಿಲಿನವರೆಗೆ ಹೋದವನು ನಿಂತು ವೀಬ್ಕೆಯತ್ತ ತಿರುಗಿದ. ಕ್ಷಮೆ ಕೇಳುತ್ತಾನೆಂದು ಎಲ್ಲರೂ ಕಾದೆವು.

"ಆ ಕೊಳವೆ ತುಂಡು," ಎಂದ. "ಸರಿಯಾಗಿ ಕೂತಿದ್ಯಾ?"

ವೀಬ್ಕೆ ರೆಕ್ಕೆಯನ್ನು ದೀಪದತ್ತ ಎತ್ತಿ ಹಿಡಿದಳು. ತಂತಿಯನ್ನು ಎಳೆದು ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಚೆನ್ನಾಗಿ ಕೂತಿದೆ. ನಾನು ಮಾಡೋದಕ್ಕಿಂತ ಚೆನ್ನಾಗಿದೆ," ಎಂದಳು. "ಇದೇ ಕೈ ಆ ನಟ್ಟನ್ನೂ ತೆಗೀತು. ಅದಕ್ಕೇ ನಿಮ್ಮನ್ನ ಕ್ಷಮಿಸೋಕೆ ಆಗ್ತಿಲ್ಲ, ಆಲ್ಫೋನ್ಸ್ ಅವ್ರೆ."

ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಮುದುಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಆಮೇಲೆ ಬಾಗಿಲು ತೆರೆದುಕೊಂಡು ಹೊರಟುಹೋದ.