ಒಪ್ಪಿಗೆಯಾಗದ ಇನ್ನೂರ ಹನ್ನೆರಡು

ಆ ಶುಕ್ರವಾರ ಬಾಗಿಲು ಅರ್ಧ ತೆರೆದಿತ್ತು. ಬಡಿಯಲೆಂದು ಎತ್ತಿದ ಜೊಲೇಕಾಳ ಕೈ ಅಲ್ಲೇ ನಿಂತಿತು.

"ತುಂಬ ಸುಸ್ತಾಗಿಹೋಗಿದೆ, ಡಾಕ್ಟರ್," ಒಳಗೆ ವುಯಿಸೀಲೆ ಹೇಳುತ್ತಿದ್ದ. "ಮಸುಕಾಗಿರೋದು ಕಾಣಿಸ್ತಾನೇ ಇಲ್ಲ. ಹನ್ನೊಂದು ವರ್ಷ ಅಂದ್ರೆ ಕಮ್ಮೀನಾ? ಬದಲಾಯಿಸೋದೇ ಒಳ್ಳೇದು."

"ಸರಿ, ಸೋಮವಾರ ಬದಲಾಯಿಸೋಣ," ಎಂದರು ವೀಕ್ಷಣಾಲಯದ ಮುಖ್ಯಸ್ಥೆ ಡಾಕ್ಟರ್ ಅನ್ನೆಲೀನ್. "ಅವಳಿಗೆ ಹೇಳ್ಲಾ?"

"ಈಗಲೇ ಬೇಡ. ಸೋಮವಾರ ತಾನಾಗೇ ಗೊತ್ತಾಗ್ಲಿ."

ಜೊಲೇಕಾ ಸದ್ದಿಲ್ಲದೆ ಹಿಂದೆ ಸರಿದಳು. ಕಾರಿಡಾರಿನ ಕೊನೆಯ ಕಿಟಕಿಯಲ್ಲಿ ಕೇಪ್‌ಟೌನಿನ ಜೂನ್ ತಿಂಗಳ ಮಳೆ ಗಾಜಿಗೆ ಹೊಡೆಯುತ್ತಿತ್ತು. ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ. ದೂರದರ್ಶಕ ತೆಗೆದ ಚಿತ್ರಗಳಲ್ಲಿನ ಗ್ಯಾಲಕ್ಸಿಗಳನ್ನು ಒಂದೊಂದಾಗಿ ನೋಡಿ, ಇದು ಯಾವ ಜಾತಿಯದು ಎಂದು ಬರೆಯುವುದು. ಮೊಟ್ಟೆಯಂತೆ ನುಣ್ಣಗಿದ್ದರೆ ಅಂಡಾಕಾರದ್ದು. ತೋಳು ಚಾಚಿ ಸುತ್ತಿಕೊಂಡಿದ್ದರೆ ಸುರುಳಿ. ಅದರ ನಡುವೆ ಬೆಳಕಿನ ಪಟ್ಟಿಯೊಂದು ಅಡ್ಡ ಬಿದ್ದಿದ್ದರೆ ಪಟ್ಟಿಸುರುಳಿ. ಸುರುಳಿಯಂತೆ ತಟ್ಟೆ ಇದ್ದು ತೋಳಿಲ್ಲದ್ದು ಮಸೂರದ್ದು. ಯಾವುದಕ್ಕೂ ಹೊಂದದ್ದು ಅನಿಯತ. ಡಿಗ್ರಿ ಇಲ್ಲದ ಅವಳನ್ನು ಇಲ್ಲಿ ಉಳಿಸಿದ್ದು ಅವಳ ಕಣ್ಣುಗಳೇ. ಗಂಡ ತೀರಿಕೊಂಡ ಮೇಲೆ ಆರು ವರ್ಷಗಳಿಂದ ಮನೆ ನಡೆದದ್ದೂ ಆ ಕಣ್ಣುಗಳಿಂದಲೇ.

ಮೂರು ತಿಂಗಳ ಹಿಂದೆ ವುಯಿಸೀಲೆ ಬಂದ. ಉಮ್ತಾತಾದಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿ, ಮೇಷ್ಟ್ರ ಕೆಲಸ ಬಿಟ್ಟು ಬಂದವನು. ಅದೇ ಚಿತ್ರಗಳನ್ನು ಅವನೂ ಬೇರೆ ಕೂತು ನೋಡಬೇಕು, ಮುಗಿಯುವ ತನಕ ಇಬ್ಬರೂ ಗ್ಯಾಲಕ್ಸಿಗಳ ಬಗ್ಗೆ ಮಾತಾಡಕೂಡದು, ಆಮೇಲೆ ಇಬ್ಬರ ಉತ್ತರ ಹೋಲಿಸಬೇಕು ಎಂಬುದು ನಿಯಮ. ಹಾಗಾಗಿ ಅವರು ಬೇರೆಲ್ಲದರ ಬಗ್ಗೆ ಮಾತಾಡಿದ್ದರು. ಟ್ಯಾಕ್ಸಿ ಡ್ರೈವರುಗಳ ಬಗ್ಗೆ, ಮೀನಿನ ಬೆಲೆಯ ಬಗ್ಗೆ, ಅವನು ಕರಕಲು ಮಾಡುವ ಅಡುಗೆಯ ಬಗ್ಗೆ. ಅವಳು ಕಣ್ಣುಜ್ಜಿಕೊಂಡರೆ ಸಾಕು, ಕೇಳದೆಯೇ ಮೇಜಿನ ಮೇಲೆ ರೂಯ್‌ಬೋಸ್ ಚಹಾ ಬರುತ್ತಿತ್ತು. ಕಪ್ಪಿನ ಅಂಚಿನ ಮೇಲಿಂದ ಅವನು ನೋಡುತ್ತಿದ್ದ ನೋಟವನ್ನು ಅವಳು ಕಂಡೂ ಕಾಣದಂತೆ ಇರುತ್ತಿದ್ದಳು.

ಹೋಲಿಕೆಯ ಪಟ್ಟಿ ಬಂದದ್ದು ಆ ವಾರ. ಮೂರು ಸಾವಿರದಲ್ಲಿ ಇನ್ನೂರ ಹನ್ನೆರಡು ತಾಳೆಯಾಗಿರಲಿಲ್ಲ. ಹೆಚ್ಚುಕಮ್ಮಿ ಎಲ್ಲ ಕಡೆಯೂ ಅವಳು ಅಂಡಾಕಾರದ್ದು ಎಂದಿದ್ದರೆ ಅವನು ಮಸೂರದ್ದು ಎಂದಿದ್ದ. ಸುತ್ತಲಿನ ಮಸುಕು ತಟ್ಟೆ ಅವನಿಗೆ ಕಂಡಿತ್ತು, ಅವಳಿಗೆ ಕಂಡಿರಲಿಲ್ಲ.

ಚಹಾ ಕೊಟ್ಟ ಕೈಯೇ ಇದು, ಎಂದುಕೊಂಡಳು ಅವಳು.

ಸೋಮವಾರ ಅವಳು ಖಾಲಿ ಚೀಲವೊಂದನ್ನು ತಂದಿದ್ದಳು, ಸಾಮಾನು ತುಂಬಿಕೊಳ್ಳಲು. ಬಾಗಿಲು ತೆರೆದರೆ ವುಯಿಸೀಲೆ ಅವಳ ಮೇಜಿನ ಕೆಳಗೆ ಮಂಡಿಯೂರಿ ಕೂತು ವೈರುಗಳ ಜೊತೆ ಗುದ್ದಾಡುತ್ತಿದ್ದ.

"ನಾನಿನ್ನೂ ಹೋಗಿಲ್ಲ, ಅಷ್ಟರಲ್ಲೇ ಶುರು ಮಾಡಿಬಿಟ್ರಾ?"

ಅವನ ತಲೆ ಮೇಜಿಗೆ ತಗುಲಿತು. "ಅಯ್ಯೋ! ಸಿಸಿ, ಎಲ್ಲಿಗೆ ಹೋಗ್ತೀರಿ?"

"ಸಿಸಿ ಗಿಸಿ ಬೇಡ. ಅಕ್ಕ ಅಂತ ಕರೆದವನು ಬೆನ್ನ ಹಿಂದೆ ದೂರು ಹೇಳಲ್ಲ. ನನ್ನ ಜಾಗಕ್ಕೆ ಯಾರು ಬರ್ತಿದ್ದಾರೆ, ಅದನ್ನ ಹೇಳಿ."

ಅವನು ಅವಳ ಕೈಲಿದ್ದ ಚೀಲ ನೋಡಿದ. ಮುಖ ನೋಡಿದ. ಮೆಲ್ಲಗೆ ಅವನಿಗೆ ಅರ್ಥವಾಗತೊಡಗಿತು. ಎದ್ದು, ಹೊಚ್ಚಹೊಸ ಪರದೆಯ ಮೇಲೆ ಕೈಯಿಟ್ಟ.

"ಇದು ಬರ್ತಿದೆ. ಹೋಗ್ತಿರೋದು ಅದು." ಮೂಲೆಯಲ್ಲಿ ಅವಳ ಹಳೆಯ ಪರದೆ ಗೋಡೆಗೆ ಮುಖ ಮಾಡಿ ನಿಂತಿತ್ತು. "ಹನ್ನೊಂದು ವರ್ಷದ್ದು. ಮಸುಕು ಬೆಳಕನ್ನ ಅದು ತೋರಿಸೋದೇ ಇಲ್ಲ. ಯಾರು ಕೂತರೂ ಅಷ್ಟೇ, ಎಲ್ಲ ಮೊಟ್ಟೇನೇ."

ಅವಳು ಕುರ್ಚಿಯಲ್ಲಿ ಕೂತಳು. "ನಿಮಗೆ ಹೇಗೆ ಗೊತ್ತಾಯ್ತು?"

"ಗುರುವಾರ ಬೇಗ ಬಂದು ನಿಮ್ಮ ಕುರ್ಚೀಲಿ ಕೂತಿದ್ದೆ."

"ಯಾಕೆ?"

"ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದೀನಿ. ಯಾವತ್ತೂ ತಪ್ಪದೇ ಇರೋರು ಇನ್ನೂರು ಕಡೆ ಒಂದೇ ಥರ ತಪ್ಪಿದ್ರೆ, ತಪ್ಪು ಅವರದಲ್ಲ." ಅವನು ತಲೆಯ ಗಂಟು ಸವರಿಕೊಂಡ. "ಮತ್ತೆ... ನೀವು ದಿನಾ ಕೂರೋ ಜಾಗದಲ್ಲಿ ಒಂದ್ಸಲ ಕೂತು ನೋಡ್ಬೇಕು ಅಂತಾನೂ ಇತ್ತು."

ಅವಳು ನಕ್ಕಳು. ನಗುತ್ತ ನಗುತ್ತ ಶುಕ್ರವಾರ ಬಾರದಿದ್ದ ಅಳು ಬಂತು. ಅವನು ಮತ್ತೆ ಮೇಜಿನ ಕೆಳಗೆ ತೂರಿ, ಆಗಲೇ ಸರಿಯಾಗಿ ಕೂತಿದ್ದ ವೈರನ್ನು ಬಹಳ ಹೊತ್ತು ಸರಿಮಾಡಿದ.

ಇನ್ನೂರ ಹನ್ನೆರಡನ್ನೂ ಇಬ್ಬರೂ ಒಟ್ಟಿಗೆ ಕೂತು ನೋಡಿ ಎಂದರು ಡಾಕ್ಟರ್. ಎಂಟು ಮಧ್ಯಾಹ್ನ ಅವರು ಒಂದೇ ಪರದೆಯ ಮುಂದೆ ಕೂತರು. ಹೊಸ ಪರದೆಯಲ್ಲಿ ಹಾಲಿನ ಆವಿಯಷ್ಟು ತೆಳುವಾದ ತಟ್ಟೆಗಳು ಮೊಟ್ಟೆಗಳ ಸುತ್ತ ಮೂಡಿದವು.

"ಇದು ನಿಮ್ದು, ಒಪ್ಕೊಂಡೆ," ಎನ್ನುತ್ತಿದ್ದಳು ಅವಳು. "ಇದು ಮಾತ್ರ ಆಗಲ್ಲ. ನೋಡಿ, ಇಲ್ಲಿ ಪಟ್ಟಿ ಇದೆ."

"ಎಲ್ಲಿ?"

"ಇಲ್ಲಿ." ತೋರಿಸಲು ಅವಳು ಬಾಗಿದಳು. ಅವನು ಪರದೆ ನೋಡಲಿಲ್ಲ.

"ವುಯಿಸೀಲೆ, ಗ್ಯಾಲಕ್ಸಿ ಆ ಕಡೆ ಇದೆ."

"ಗೊತ್ತು. ಅದು ಅಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ."

ಅವನು ಕೆಲವು ಕಡೆ ಬರೀ ಪ್ರಶ್ನೆಚಿಹ್ನೆ ಹಾಕಿದ್ದ. ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಾಕಿರಲಿಲ್ಲ.

"ಗೊತ್ತಿಲ್ಲ ಅಂತ ಬರೆಯೋಕೆ ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ. ಆದ್ರೆ ಆವತ್ತು ನಿದ್ದೆ ಚೆನ್ನಾಗಿ ಬರುತ್ತೆ. ಎಲ್ಲಾದಕ್ಕೂ ನೀವೇ ಉತ್ತರ ಕೊಡ್ಬೇಕು ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಕೊನೆಯದಾಗಿ ಬಂದದ್ದು ಎರಡು ಗ್ಯಾಲಕ್ಸಿಗಳು ಒಂದರೊಳಗೊಂದು ನುಗ್ಗಿದ ಬೆಳಕಿನ ರಾಶಿ. ಜೊಲೇಕಾ ಅದನ್ನು ಬಹಳ ಹೊತ್ತು ನೋಡಿ, ಪ್ರಶ್ನೆಚಿಹ್ನೆ ಒತ್ತಿ, ಬೆನ್ನನ್ನು ಕುರ್ಚಿಗೆ ಒರಗಿಸಿದಳು. ಭುಜದಿಂದ ಏನೋ ಇಳಿದಂತಾಯಿತು.

ಆ ಸಂಜೆ ನಾಲ್ಕಕ್ಕೇ ಬಿಟ್ಟರು. ಕಯೆಲಿಷಾ ಉಪನಗರಕ್ಕೆ ಹೋಗುವ ಮಿನಿಬಸ್ ಟ್ಯಾಕ್ಸಿಯಲ್ಲಿ ಹದಿನಾರು ಜನ ಒತ್ತಿಕೊಂಡು ಕೂತಿದ್ದರು. ಅವನು ಇಳಿಯುವುದು ಮೊದಲು, ಸೈಟ್ ಸಿಯಲ್ಲಿ. ಅವಳು ಅದಾದ ಮೇಲೆ, ಹರಾರೆ ಬಡಾವಣೆಯಲ್ಲಿ. ಹೆದ್ದಾರಿ ಹತ್ತುವ ಮೊದಲೇ ಅವಳ ತಲೆ ಅವನ ಭುಜಕ್ಕೆ ಬಿತ್ತು.

"ಸೈಟ್ ಸಿ! ಯಾರು ಸೈಟ್ ಸಿ?" ಡ್ರೈವರ್ ಕೂಗಿದ. ವುಯಿಸೀಲೆ ಉಸಿರೆತ್ತಲಿಲ್ಲ. ಹರಾರೆ ಬಂತು, ಹೋಯಿತು. ತೋಳು ಮರಗಟ್ಟಿತು. ಅವನು ಅಲುಗಾಡಲಿಲ್ಲ.

"ಅಣ್ಣಾ, ಇನ್ನು ಮುಂದೆ ಸಮುದ್ರಾನೇ," ಎಂದ ಡ್ರೈವರ್ ಮಖಾಜಾದ ಕೊನೆಯ ಸ್ಟಾಪಿನಲ್ಲಿ. "ಹೆಂಡ್ತೀನ ಎಬ್ಬಿಸ್ತೀರಾ, ಇಲ್ಲ ಈಜ್ಕೊಂಡು ಹೋಗ್ತೀರಾ?"

ಜೊಲೇಕಾ ದಡಬಡಿಸಿ ಎದ್ದಳು. ಕೆಳಗಿಳಿದು, ಸುತ್ತ ನೋಡಿ, ಅವನತ್ತ ತಿರುಗಿದಳು. "ಎಬ್ಬಿಸ್ಬಾರದಿತ್ತಾ?"

"ಮೂರು ತಿಂಗಳಲ್ಲಿ ನಿಮ್ಮ ಹುಬ್ಬು ಸಡಿಲ ಆಗಿದ್ದು ಇದೇ ಮೊದಲು. ಮನಸ್ಸು ಬರ್ಲಿಲ್ಲ."

ವಾಪಸು ಹೋಗುವ ಟ್ಯಾಕ್ಸಿಗೆ ಕಾಯಬೇಕಿತ್ತು. ಮಳೆ ನಿಂತು, ಮರಳಿನ ದಿಬ್ಬಗಳ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ನಿಮ್ಮ ಕುಲ ಯಾವುದು, ಸಿಸಿ?"

ಅವರ ಜನರಲ್ಲಿ ಒಂದೇ ಕುಲದವರು ಎಲ್ಲೇ ಹುಟ್ಟಿರಲಿ, ಒಡಹುಟ್ಟಿದವರೇ, ಮದುವೆಯಾಗುವಂತಿಲ್ಲ. ಇಷ್ಟು ದಿನ ಈ ಪ್ರಶ್ನೆ ಕೇಳಲು ಹೆದರಿದ್ದೆನೆಂದು ಅವನು ಆಮೇಲೆ ಒಪ್ಪಿಕೊಂಡ.

"ದ್ಲೋಮೊ," ಎಂದಳು. "ನಿಮ್ದು?"

"ಭೆಲೆ." ಅವನ ಉಸಿರು ಹೊರಬಿತ್ತು. "ನಿಮ್ಮ ತಾಯಿಯದು?"

ಕುಲವನ್ನು ಗೌರವಕ್ಕೆಂದು ಯಾರು ಬೇಕಾದರೂ ಕೇಳುತ್ತಾರೆ. ತಾಯಿಯ ಕುಲವನ್ನು ಕೇಳುವುದು ಒಂದೇ ಕಾರಣಕ್ಕೆ.

"ನನಗೆ ನಲವತ್ಮೂರು," ಎಂದಳು.

"ನನಗೆ ನಲವತ್ತಾರು. ನಾನು ಕೇಳಿದ್ದು ಅದಲ್ಲ."

"ಮ್ಪಿಂಗಾ," ಎಂದಳು ಅವಳು ನೆಲ ನೋಡುತ್ತ. "ನಿಮ್ಮ ತಾಯಿ?"

"ರದೇಬೆ."

ಎಲ್ಲೂ ಅಡ್ಡಿ ಇರಲಿಲ್ಲ. ಅದೇ ಅವಳಿಗೆ ಭಯ ತಂದಿತು.

"ಕೇಳಿ ವುಯಿಸೀಲೆ. ಮನೇಲಿ ನನ್ನ ಅತ್ತೆ ಇದ್ದಾರೆ. ತೀರಿಹೋದ ಗಂಡನ ತಾಯಿ. ಮೈಯ ಒಂದು ಕಡೆ ಬಿದ್ದುಹೋಗಿದೆ. ಅದಕ್ಕೇ ನಾನು ಬೆಳಗಿನ ಜಾವ ನಾಲ್ಕಕ್ಕೆ ಏಳೋದು. ನಾನು ಎಲ್ಲಿಗೆ ಹೋದ್ರೂ ಅವರನ್ನ ಬಿಟ್ಟು ಹೋಗಲ್ಲ. ಇದನ್ನ ಕೇಳಿದ ಗಂಡಸರು ಆಮೇಲೆ ಫೋನ್ ಮಾಡಲ್ಲ."

"ಅವರನ್ನ ಎತ್ತಿ ಕೂರಿಸೋದು ಯಾರು?"

"ನಾನೇ."

"ಒಬ್ಬರೇನಾ?"

"ಒಬ್ಬಳೇ."

"ಯಾವ ಕಡೆ ಭಾರ?"

"ಎಡಗಡೆ."

"ಹಾಗಾದ್ರೆ ಎಡಗಡೆ ನಾನು ಹಿಡ್ಕೋತೀನಿ."

ಅವನು ಅದನ್ನು ಹೇಳಿದ ರೀತಿಯಲ್ಲಿ ಯಾವ ಸಿಂಗಾರವೂ ಇರಲಿಲ್ಲ. ಮೇಜು ಸರಿಸುವವನು ಹೇಳಿದ ಹಾಗಿತ್ತು. ಜೊಲೇಕಾ ಅವನನ್ನು ನೋಡಿದಳು. ಕಪ್ಪಿನ ಅಂಚಿಲ್ಲದೆ, ಪರದೆಯ ಬೆಳಕಿಲ್ಲದೆ, ನೇರವಾಗಿ ನೋಡಿದಳು. ಅವನ ಕಣ್ಣ ಕೆಳಗೂ ಅವಳಷ್ಟೇ ದಣಿವಿತ್ತು.

ಟ್ಯಾಕ್ಸಿಯೊಂದು ಹಾರ್ನ್ ಹೊಡೆಯುತ್ತ ಬಂದು ನಿಂತಿತು.

"ಬನ್ನಿ, ಭೆಲೆ," ಎಂದಳು ಅವಳು, ಮೊದಲ ಸಲ ಅವನನ್ನು ಕುಲದ ಹೆಸರಿನಿಂದ ಕರೆದು. "ಇವತ್ತು ಸೈಟ್ ಸಿ ಬೇಡ. ಅತ್ತೆ ಊಟಕ್ಕೆ ಕಾಯ್ತಿರ್ತಾರೆ."