ಕರ್ಚೀಫಿನ ಹಿಂದಿನ ತುಟಿ

"ತಗೋ... ಎತ್ಕೋ. ಇನ್ಮೇಲೆ ಇವ್ಳು ನಮ್ಮ ಮಗು."

ಎಂಟು ದಿನದ ಕೂಸನ್ನು ಅವನು ಮುಂದೆ ಚಾಚಿದ. ಆಸೆಯಿಂದ ಕೈ ನೀಡಿದವಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು.

"ಬೇಡ... ಈಗ ಬೇಡ ರೀ."

ಅವನ ಮುಖ ಕಪ್ಪಿಟ್ಟಿತು. ಬಸ್ ಡ್ರೈವರ್ ಅವನು. ಅಕ್ಕ ಹೆರಿಗೆಯಲ್ಲೇ ತೀರಿಕೊಂಡಳು, ಭಾವ "ನನ್ನ ಕೈಲಾಗಲ್ಲ" ಅಂತ ಕೈಚೆಲ್ಲಿದ. ಕೂಸನ್ನು ಇವನೇ ಎದೆಗವಚಿಕೊಂಡು ತಂದಿದ್ದ. ಎರಡು ವರ್ಷ ಪ್ರೀತಿಸಿದವಳು, ಮುಂದಿನ ತಿಂಗಳು ಮದುವೆಯಾಗಬೇಕಾದವಳು, ಈಗ ಮೂಗು ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ!

"ಅಷ್ಟೊಂದು ಅಸಹ್ಯಾನಾ? ನೇರವಾಗಿ ಹೇಳು. ಮಗು ಇದ್ರೆ ನಾನು ಬೇಡ, ಅಲ್ವಾ?"

"ಅಯ್ಯೋ, ಹಾಗಲ್ಲ..."

"ಮತ್ತೆ ಹೇಗೆ?"

ಹೇಳೇ... ಬಾಯಿ ಬಿಟ್ಟು ಹೇಳೇ ಹುಚ್ಚೀ! ಅವಳ ಮನಸ್ಸು ಕೂಗುತ್ತಿತ್ತು. ಕೈ ಮಾತ್ರ ಕರ್ಚೀಫನ್ನು ಇನ್ನಷ್ಟು ಬಿಗಿಯಾಗಿ ಒತ್ತಿತು. ಅವನು ಮಗುವನ್ನು ಎತ್ತಿಕೊಂಡು ಹೊರಟೇಹೋದ.

ಕರ್ಚೀಫಿನ ಹಿಂದೆ ಇದ್ದದ್ದು ಕೆಳತುಟಿಯ ಅಂಚಿಗೆ ಎದ್ದ ನಾಲ್ಕೈದು ನೀರುಗುಳ್ಳೆ, ಅಷ್ಟೇ. ಜ್ವರ ಬಂದರೆ, ಬಿಸಿಲಲ್ಲಿ ಅಲೆದರೆ, ನಿದ್ದೆಗೆಟ್ಟರೆ ಅವಳಿಗೆ ಏಳುತ್ತಿದ್ದವು. ಅವನ ಅಕ್ಕನಿಗಾಗಿ ವಾರವಿಡೀ ಅತ್ತಿದ್ದಳಲ್ಲ, ಈ ಸಲವೂ ಎದ್ದಿದ್ದವು.

ತಮಾಷೆ ನೋಡಿ, ಅವಳು ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ! ಇಂಥದೇ ಗುಳ್ಳೆಗೆ ಮುಲಾಮು ಕೇಳಿ ಬಂದ ಮುದುಕರೊಬ್ಬರಿಗೆ ಮೊನ್ನೆಯಷ್ಟೇ ಹೇಳಿದ್ದಳು:

"ತಾತಾ, ತುಟಿ ಚುರುಚುರು ಅಂದ ದಿನಾನೇ ಮುಲಾಮು ಹಚ್ಚಿ, ಗುಳ್ಳೆ ಏಳೋವರ್ಗೂ ಕಾಯ್ಬೇಡಿ. ಮುಟ್ಟಿದ್ರೆ ಕೈ ತೊಳ್ಕೊಳ್ಳಿ. ಲೋಟ, ಟವೆಲ್ ಬೇರೆ ಇಟ್ಕೊಳ್ಳಿ. ಎಳೆಗೂಸಿಗಂತೂ ಮುತ್ತಿಡಲೇಬೇಡಿ, ಅದರ ಪ್ರಾಣಕ್ಕೇ ಬರುತ್ತೆ."

ಊರಿಗೆಲ್ಲ ಬುದ್ಧಿ ಹೇಳುವ ಬಾಯಿಗೆ ತನ್ನ ವಿಷಯ ಬಂದಾಗ ಬೀಗ. ಶಾಲೆಯಲ್ಲಿ "ಹುಣ್ಣುಬಾಯಿ" ಅಂತ ಕರೆಸಿಕೊಂಡವಳು ಅವಳು. ಈ ಎರಡು ವರ್ಷವೂ ಗುಳ್ಳೆ ಎದ್ದಾಗಲೆಲ್ಲ "ನೆಗಡಿ, ಈ ವಾರ ಬರಬೇಡಿ" ಎಂದು ಅವನಿಗೆ ಸುಳ್ಳು ಹೇಳಿದ್ದಳು. ಅವನು ಅದನ್ನೇ ನಂಬಿದ್ದ, ಪಾಪ.

ಆಮೇಲೆ ಅವನು ಫೋನ್ ಎತ್ತಲಿಲ್ಲ. ಐದನೇ ದಿನ ಒಂದು ಮೆಸೇಜ್ ಬಂತು.

"ಮದುವೆ ಬೇಡ. ನನ್ನ ಮಗಳಿಗೆ ಅಮ್ಮ ಬೇಕು. ಅದು ನಿನ್ನಿಂದಾಗಲ್ಲ."

ಎದೆ ಒಡೆದುಹೋಯಿತು. ಹತ್ತು ಸಲ ಉತ್ತರ ಬರೆದಳು, ಹತ್ತು ಸಲ ಅಳಿಸಿದಳು. ನಿಜ ಹೇಳಿದರೆ ಇನ್ನಷ್ಟು ಅಸಹ್ಯಪಟ್ಟರೆ? ಅಂಗಡಿಯ ಹಿಂದೆ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಬಿಕ್ಕಿದಳು. ಅತ್ತರೆ ಮತ್ತೆ ಗುಳ್ಳೆ ಏಳಬಹುದೆಂದು ಅಳುವುದಕ್ಕೂ ಹೆದರಬೇಕಾಯಿತು ಅವಳಿಗೆ!

ತುಟಿ ವಾಸಿಯಾಯಿತು. ಮನಸ್ಸು ಆಗಲಿಲ್ಲ.

ಹದಿನೇಳನೇ ದಿನ ಬೆಳಿಗ್ಗೆ ಅವನು ಬಂದ. ಮಗುವಿನ ಹಾಲಿನ ಪುಡಿ ಬೇರೆಲ್ಲೂ ಸಿಗದೆ, ವಿಧಿಯಿಲ್ಲದೆ ಅವಳ ಅಂಗಡಿಗೇ ಬಂದಿದ್ದ. ಸೊರಗಿ ಕಡ್ಡಿಯಾಗಿದ್ದ. ಎದೆಗೆ ಕಟ್ಟಿಕೊಂಡ ಕೂಸು ಚೀರುತ್ತಿತ್ತು.

"ಸುಮ್ನಿರು ಕಂದಾ..." ಎಂದು ಅವನು ಅದರ ಹಣೆಗೆ ಬಾಗಿದ. ಅವನ ಮೇಲ್ತುಟಿಯಲ್ಲಿ ಗುಳ್ಳೆಗಳು! ಅವಳು ಕೌಂಟರ್ ಮೇಲಿಂದ ಬಾಗಿ ಕೂಗಿದಳು.

"ಮುತ್ತಿಡ್ಬೇಡಿ!"

ಇಡೀ ಅಂಗಡಿ ತಿರುಗಿ ನೋಡಿತು.

"ಅದನ್ನ ಹೇಳೋಕೆ ನೀನ್ಯಾರು?"

"ಆ ಗುಳ್ಳೆ ಯಾವಾಗ ಎದ್ದಿದ್ದು? ಮುತ್ತಿಟ್ರಾ ಅವ್ಳಿಗೆ? ಬೇಗ ಹೇಳಿ!"

ಅವಳ ನಡುಗುವ ದನಿಗೆ ಅವನೂ ಹೆದರಿದ. "ಇವತ್ತು ಬೆಳಿಗ್ಗೆ. ಇಲ್ಲ, ಇನ್ನೂ ಇಟ್ಟಿಲ್ಲ... ನಿದ್ದೆ ಇಲ್ಲ, ಉಷ್ಣ ಆಗಿದೆ ಅಷ್ಟೇ."

"ಉಷ್ಣ ಅಲ್ಲ ರೀ, ಅಂಟುತ್ತೆ! ನಂಗೂ ಚಿಕ್ಕಂದಿನಿಂದ ಇದೆ. ನಿಮ್ಗೆ ನನ್ನಿಂದಾನೇ ಬಂದಿರ್ಬಹುದು. ಆವತ್ತು ಕರ್ಚೀಫಿನ ಹಿಂದೆ ಇದೇ ಇತ್ತು..."

ನಾಲ್ಕು ಜನ ಗಿರಾಕಿಗಳು ಕಣ್ಣು ಬಿಟ್ಟು ಕೇಳುತ್ತಿದ್ದರು. ಕೇಳಲಿ! ಮಾನ ಹೋದರೆ ಹೋಗಲಿ, ಮಗು ಉಳಿಯಲಿ.

"ಅವ್ಳನ್ನ ಎತ್ಕೊಳ್ಳೋಕೆ ನನ್ನ ಕೈ ಎಷ್ಟು ಹಂಬಲಿಸ್ತು ಗೊತ್ತಾ ನಿಮ್ಗೆ?"

ಅವನ ಕಣ್ಣು ತುಂಬಿತು.

"ಒಂದ್ಮಾತು ಹೇಳ್ಬಾರ್ದಿತ್ತೇನೇ?"

"ನಾಚಿಕೆ ಆಯ್ತು."

"ನಾನೂ ಪಾಪಿ... ಫೋನ್ ಎತ್ತಬೇಕಿತ್ತು. ನಿನ್ನನ್ನ ಏನೇನೋ ಅಂದ್ಕೊಂಡೆ. ಕ್ಷಮಿಸ್ತೀಯಾ?"

"ಅದೆಲ್ಲ ಆಮೇಲೆ. ಮೊದ್ಲು ಮಗೂನ ಡಾಕ್ಟ್ರಿಗೆ ತೋರಿಸೋಣ. ಮೈ ಬಿಸಿಯಾದ್ರೆ, ಹಾಲು ಬಿಟ್ರೆ, ಒಂದೇ ಒಂದು ಗುಳ್ಳೆ ಕಂಡ್ರೂ ಒಂದು ನಿಮಿಷ ಕಾಯೋ ಹಾಗಿಲ್ಲ. ನೀವು ಈ ಮಾಸ್ಕ್ ಹಾಕ್ಕೊಳ್ಳಿ, ತುಟಿ ಮುಟ್ಕೋಬೇಡಿ."

ಅವನು ವಿಧೇಯನಾಗಿ ಮಾಸ್ಕ್ ಹಾಕಿಕೊಂಡ. ಅವಳು ಸೋಪು ಹಚ್ಚಿ ಮೊಣಕೈವರೆಗೂ ತೊಳೆದು, ತಾನೂ ಮಾಸ್ಕ್ ಕಟ್ಟಿಕೊಂಡು, ಕೌಂಟರ್ ದಾಟಿ ಬಂದಳು. ಅವನು ಕಟ್ಟು ಬಿಚ್ಚಿ ಕೂಸನ್ನು ಅವಳ ತೋಳಿಗಿಟ್ಟ. ಅದು ಇನ್ನೊಮ್ಮೆ ಬಿಕ್ಕಿ ಸುಮ್ಮನಾಯಿತು. ಅವಳ ಕಣ್ಣೀರು ಮಾತ್ರ ನಿಲ್ಲಲಿಲ್ಲ.

"ನೀನಾದ್ರೂ ಒಂದು ಮುತ್ತು ಕೊಡೇ. ನಿಂದು ವಾಸಿ ಆಗಿದ್ಯಲ್ಲ."

"ಊಹೂಂ. ಗುಳ್ಳೆ ಇಲ್ದಿದ್ರೂ ಅಂಟಬಹುದು. ಇನ್ನೂ ಎಳೇದು ಇವ್ಳು, ಸ್ವಲ್ಪ ಬಲೀಲಿ. ಅಲ್ಲೀವರ್ಗೂ ಬರೀ ಎತ್ಕೊಂಡಿರ್ತೀನಿ."

"ಅಲ್ಲೀವರ್ಗೂ ಅಷ್ಟೇನಾ?"

ಅವಳು ಮಗುವನ್ನು ಇನ್ನಷ್ಟು ಅವಚಿಕೊಂಡಳು.

"ಕೇಳಿದ್ಯಾ ಮಗಳೇ, ನಿಮ್ಮಪ್ಪ ಅಮ್ಮನ್ನ ಏನು ಕೇಳ್ತಿದ್ದಾರೆ ಅಂತ!"