ಹೆಕ್ಸಾಡೆಸಿಮಲ್‌ಗೆ ಒಪ್ಪಿಗೆ ಸಿಗದಿರಲಿ

"ಇನ್ನೇನ್ ತಪ್ಪಿದೆ ಇದರಲ್ಲಿ, ಮೇಡಂ?"

ಅವನು ಕರಡನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಚಹಾದ ಲೋಟವೇ ಬೆಚ್ಚಿತು. ಇನ್ನು ಅವಳ ಎದೆಯ ಪಾಡು ಕೇಳಲೇಬೇಡಿ!

ಅವಳು ನಿಘಂಟು ಕಚೇರಿಯಲ್ಲಿ ಪದಗಳ ಹುಟ್ಟು ಪರೀಕ್ಷಿಸುವವಳು. ಅವನು ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ತಾಂತ್ರಿಕ ಪದಗಳಿಗೆ ಅರ್ಥ ಬರೆದುಕೊಡಲು ಬರುತ್ತಿದ್ದ. ಅವಳು ಒಪ್ಪುವವರೆಗೂ ಬರೆದವನೇ ಬಂದು, ಎದುರು ಕೂತು, ಗಟ್ಟಿಯಾಗಿ ಓದಬೇಕು. ಅದು ಇಲ್ಲಿನ ಪದ್ಧತಿ.

ಉಳಿದದ್ದು ಒಂದೇ ಪದ, ಹೆಕ್ಸಾಡೆಸಿಮಲ್. ಹದಿನಾರರ ಲೆಕ್ಕ. ಒಂಬತ್ತಾದ ಮೇಲೆ ಅಂಕಿ ಸಾಲದೆ ಎ, ಬಿ, ಸಿ ಎಂದು ಅಕ್ಷರಗಳನ್ನು ಕಡ ತರುವ ಪದ್ಧತಿ. ಇದಕ್ಕೆ ಒಪ್ಪಿಗೆ ಸಿಕ್ಕರೆ ಅವನ ಕೆಲಸ ಮುಗಿಯಿತು. ಎದುರಿನ ಕುರ್ಚಿ ಖಾಲಿ...

ಅದಕ್ಕೇ ಅವಳು ಮತ್ತೆ ಮತ್ತೆ ವಾಪಸ್ ಕಳಿಸುತ್ತಿದ್ದಳು. ಒಮ್ಮೆ ವಾಕ್ಯ ಉದ್ದವಾಯಿತೆಂದು, ಇನ್ನೊಮ್ಮೆ ಗಿಡ್ಡವಾಯಿತೆಂದು.

"ಓದಿ," ಎಂದಳು.

"'ಹೆಕ್ಸಾ' ಅಂದರೆ ಆರು, ಗ್ರೀಕ್. 'ಡೆಸಿಮಲ್' ಹತ್ತಕ್ಕೆ ಸೇರಿದ್ದು, ಲ್ಯಾಟಿನ್ ಮೂಲ. ಆರೂ ಹತ್ತೂ ಹದಿನಾರು. ಎರಡು ಭಾಷೆಗಳ ಕೂಡಿಕೆಯಿಂದಾದ ಪದ." ಅವನು ತಲೆಯೆತ್ತಿದ. "ಸರಿ ಇದೆಯಾ?"

ಸರಿ ಅಂದರೆ ಹೊರಟುಹೋಗ್ತಾನೆ. ದೇವರೇ, ಏನಾದ್ರೂ ಹೊಳೆಸಪ್ಪಾ!

"ಈ ಕೂಡಿಕೆ... ಯಾಕೋ ಹೊಂದಲ್ಲ ಅನ್ಸುತ್ತೆ."

ಅವನ ಮುಖ ಸಪ್ಪಗಾಯಿತು.

"ಬಿಡಿ ಮೇಡಂ. ನನ್ನ ಬರವಣಿಗೆ ನಿಮಗೆ ಹಿಡಿಸೋದೇ ಇಲ್ಲ. ಈ ಸಲವೂ ಒಪ್ಪದಿದ್ರೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಸಂಪಾದಕರಿಗೆ ಹೇಳೇ ಬಂದಿದ್ದೀನಿ."

"ಏನು?!"

ಅವನು ಆಗಲೇ ಬಾಗಿಲು ದಾಟಿದ್ದ. ಸಾವಿರಾರು ಪದಗಳ ಹುಟ್ಟೂರು ಬಲ್ಲವಳು ಒಂದು ಚಪ್ಪಲಿಯನ್ನು ಮೇಜಿನಡಿಯೇ ಬಿಟ್ಟು ಓಡಿದಳು.

ಮೆಟ್ಟಿಲಲ್ಲಿ ಸಂಪಾದಕರು ಎದುರಾದರು. "ಏನಮ್ಮಾ, ಎಲ್ಲಾದ್ರೂ ಬೆಂಕಿ ಬಿತ್ತಾ?"

"ಹ್ಞೂಂ ಸರ್, ದಾರಿ ಬಿಡಿ!"

ಅವನು ಗೇಟಿನ ಹತ್ತಿರವಿದ್ದ.

"ರೀ ಮೇಷ್ಟ್ರೇ, ನಿಲ್ರೀ! ಅದು... ಅದು ಮೊದಲ ಸಲವೇ ಸರಿ ಇತ್ತು!"

"ಮತ್ಯಾಕ್ರೀ ಅಲೆದಾಡಿಸಿದ್ರಿ? ಎರಡು ಬಸ್ ಬದಲಾಯಿಸಿ ಬರ್ತೀನಿ ನಾನು!"

"ಒಪ್ಪಿಬಿಟ್ರೆ ನೀವು ಮತ್ತೆ ಬರ್ತಿರಲಿಲ್ವಲ್ಲ..."

ಅವಳ ಕಣ್ಣು ತುಂಬಿತು. ಅವನು ಅವಳ ಬರಿಗಾಲು ನೋಡಿದ. ಕೋಪ ಎಲ್ಲಿತ್ತೋ, ಎಲ್ಲಿ ಹೋಯಿತೋ.

"ಹಾಗಾದ್ರೆ... ಆ ಕೂಡಿಕೆ ಹೊಂದುತ್ತೆ ಅಂತೀರಾ?"

"ಆ ಎರಡೂ ಇಷ್ಟು ಕಾಲದಿಂದ ಜೊತೆಗಿವೆ. ಬೇರೆ ಮಾಡೋಕೆ ನಾನ್ಯಾರು?"

"ನನಗೂ ನಿಮ್ಮನ್ನ ಒಂದು ಮಾತು ಕೇಳೋದಿತ್ತು. ಕೇಳ್ಲಾ?"

"ಇಲ್ಲಿ ಬೇಡ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಒಳಗೆ ಬನ್ನಿ. ಎದುರು ಕೂತು ಗಟ್ಟಿಯಾಗಿ ಹೇಳಿ. ಪದ್ಧತಿ ಗೊತ್ತಲ್ಲ?"

"ವಾಪಸ್ ಕಳಿಸಲ್ಲ ತಾನೇ?"

"ಈ ಸಲ ಇಲ್ಲ."